ಸ್ಟೀಲ್‌ಹೆಡ್ ಮೀನು ಜಗ್ಗಿದಾಗ ಕೋಲು ಎತ್ತದೆ ಇರೋದು ಹೇಗೆ? ಭೀಮಾ ದಂಡೆಯಲ್ಲಿ ಕಲಿತ ಕೈಯನ್ನು ತಿದ್ದಬೇಕಾಗಿದೆ

ಶಹಾಬಾದ್ ಮಾಸ್ತರ

ಎಲ್ಲರಿಗೂ ನಮಸ್ಕಾರ. ಕೇಳಬೇಕಾದದ್ದು ಒಂದೇ ಮಾತು. ಆದರೆ ಹಿಂದಿನದು ಹೇಳದೆ ಕೇಳಿದರೆ ಅರ್ಥ ಆಗೋದಿಲ್ಲ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನಾನು ಶಹಾಬಾದಿನವನು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಮೂರು ವರ್ಷದ ಹಿಂದೆ ರಿಟೈರ್ ಆದೆ. ಈಗ ಮನೆ ಕಲಬುರಗಿಯಲ್ಲಿ. ಸಣ್ಣವನಿದ್ದಾಗಿನಿಂದ ಕಾಗಿಣಾ, ಭೀಮಾ ಎರಡೂ ದಂಡೆಯಲ್ಲಿ ಗಾಳ ಹಾಕಿದ್ದೇನೆ. ಕಲಿಸಿದ್ದು ನಮ್ಮ ಕಾಕಾ. ಬಿದಿರು ಕೋಲು, ನೈಲಾನ್ ದಾರ, ಎರೆಹುಳ. ಜೋಳದ ದಂಟು ಸುಲಿದು ಒಳಗಿನ ಬೆಂಡು ತೆಗೆದು ದಾರಕ್ಕೆ ಕಟ್ಟುತ್ತಿದ್ದೆವು. ಬೆಂಡು ಮುಳುಗಿತೋ, ಕೋಲು ಮೇಲೆ. ಒಂದು ಚಣ ತಡ ಮಾಡಿದರೂ ಹುಳ ತಿಂದು ಮೀನು ಹೋಗಿರುತ್ತಿತ್ತು. ಐವತ್ತು ವರ್ಷದ ಈ ಅಭ್ಯಾಸವೇ ಈಗ ಅಡ್ಡ ಬಂದಿದೆ.

ಹೋದ ಅಕ್ಟೋಬರ್‌ನಲ್ಲಿ ಮಗಳ ಮನೆಗೆ ಅಮೆರಿಕಕ್ಕೆ ಹೋಗಿದ್ದೆ. ಅವರಿರೋದು ಓರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ. ನನಗೆ ಹೊಳೆ ಅಂದರೆ ಜೀವ ಅಂತ ಅಳಿಯನಿಗೆ ಗೊತ್ತು. ಐದು ದಿನ ರಜೆ ಹಾಕಿ ಡೆಶೂಟ್ಸ್ ನದಿಗೆ ಕರೆದುಕೊಂಡು ಹೋದರು. ಪೋರ್ಟ್‌ಲ್ಯಾಂಡ್ ಕಡೆ ಎಲ್ಲಾ ಹಸಿರು, ಮಳೆ. ಮಂಜಿನ ಬೆಟ್ಟ ದಾಟಿದ ಮೇಲೆ ಪೂರಾ ಬೇರೆ ನಾಡು. ಒಣ ಹುಲ್ಲು, ಕರಿ ಕಲ್ಲು, ಮೆಟ್ಟಿಲು ಮೆಟ್ಟಿಲಾಗಿ ನಿಂತ ಗುಡ್ಡ. ಬಸವಕಲ್ಯಾಣದಿಂದ ಆಳಂದ ಕಡೆ ಬರುವಾಗ ಕಾಣುವ ಅದೇ ಕರಿ ಕಲ್ಲು! ನಮ್ಮದು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ, ಅಲ್ಲಿನದು ಸುಮಾರು 1.6 ಕೋಟಿ ವರ್ಷದ್ದು. ಕಾರಿನಿಂದ ಇಳಿದು ಆ ಕಲ್ಲಿನ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದೆ.

ಸ್ಟೀಲ್‌ಹೆಡ್ ಗೊತ್ತಿಲ್ಲದವರಿಗೆ ಎರಡು ಮಾತು. ಇದು ರೇನ್‌ಬೋ ಟ್ರೌಟೇ, ಜಾತಿ ಒಂದೇ. ಬ್ರಿಟಿಷರ ಕಾಲದಲ್ಲಿ ತಂದು ನೀಲಗಿರಿಯ ತಣ್ಣೀರಿನ ಹೊಳೆಗಳಿಗೆ ಬಿಟ್ಟರಲ್ಲ, ಅದೇ ಮೀನು. ಕೆಲವು ಮರಿ ಹುಟ್ಟಿದ ಹೊಳೆಯಲ್ಲೇ ಉಳಿಯುತ್ತವೆ. ಕೆಲವು ಸಮುದ್ರಕ್ಕೆ ಹೋಗಿ ಬೆಳೆದು, ಮೊಟ್ಟೆ ಇಡಲು ಹುಟ್ಟಿದ ಹೊಳೆಗೇ ವಾಪಸ್ ಬರುತ್ತವೆ. ಹಾಗೆ ಹೋಗಿ ಬಂದದ್ದು ಸ್ಟೀಲ್‌ಹೆಡ್. ಪೆಸಿಫಿಕ್ ಸಾಲ್ಮನ್ ಮೊಟ್ಟೆ ಇಟ್ಟ ಮೇಲೆ ಸಾಯುತ್ತದೆ. ಇವುಗಳಲ್ಲಿ ಕೆಲವು ಬದುಕಿ ಮತ್ತೆ ಸಮುದ್ರಕ್ಕೆ ಹೋಗುತ್ತವೆ. ಡೆಶೂಟ್ಸ್‌ಗೆ ಬರುವ ಮೀನು ಮೊದಲು ಕೊಲಂಬಿಯಾ ನದಿಯಲ್ಲಿ 300 ಕಿ.ಮೀ.ಗಿಂತ ಜಾಸ್ತಿ ಎದುರು ಈಜಬೇಕು. ದಾರಿಯಲ್ಲಿ ಬಾನ್‌ವಿಲ್, ದ ಡ್ಯಾಲ್ಸ್ ಅಂತ ಎರಡು ಅಣೆಕಟ್ಟು. ಅವುಗಳ ಪಕ್ಕದಲ್ಲಿ ಮೀನಿಗಾಗಿಯೇ ನೀರಿನ ಮೆಟ್ಟಿಲು ಕಟ್ಟಿದ್ದಾರೆ, ಹತ್ತಿಕೊಂಡು ಬರುತ್ತವೆ.

ಅಲ್ಲಿ ನಾವು ಈ ಮೀನಿಗೆ ಹುಳ ಹಾಕಲಿಲ್ಲ, ಬೆಂಡು ಕಟ್ಟಲಿಲ್ಲ. ಗಾಳಕ್ಕೆ ಗರಿ ಮತ್ತು ನೂಲು ಸುತ್ತಿ ಮಾಡಿದ ಫ್ಲೈ. ಎರಡು ಕೈಯಲ್ಲಿ ಹಿಡಿಯುವ 13 ಅಡಿ ಕೋಲು. ದಾರವನ್ನು ಹೊಳೆಗೆ ಅಡ್ಡ, ಸ್ವಲ್ಪ ಕೆಳಮುಖವಾಗಿ ಎಸೆಯಬೇಕು. ಹರಿವು ದಾರವನ್ನು ಹಿಡಿದು ನಿಧಾನವಾಗಿ ನಮ್ಮ ದಂಡೆ ಕಡೆ ತಿರುಗಿಸುತ್ತದೆ. ಪೂರಾ ತಿರುಗಿದ ಮೇಲೆ ಎರಡು ಹೆಜ್ಜೆ ಕೆಳಗೆ ಹೋಗಿ ಮತ್ತೆ ಎಸೆಯೋದು. ಬೆಳಗಿನಿಂದ ಸಂಜೆವರೆಗೆ ಇಷ್ಟೇ.

ಮೂರು ದಿನ ಏನೂ ಇಲ್ಲ. ನಾಲ್ಕನೇ ದಿನ ಸಂಜೆ, ಬಿಸಿಲು ಗುಡ್ಡದ ಆಚೆ ಹೋಗಿತ್ತು. ತೊಡೆಮಟ್ಟ ನೀರಿನಲ್ಲಿ ನಿಂತಿದ್ದೆ. ದಾರ ತಿರುಗಿ ಇನ್ನೇನು ದಂಡೆ ಸೇರಬೇಕು, ಅಷ್ಟರಲ್ಲಿ ಬೆರಳಿನ ಕೆಳಗಿನ ದಾರ ಮೆಲ್ಲಗೆ ಜಗ್ಗಿತು. ಕಟ್ಟಿದ ಕರು ಹಗ್ಗದ ತುದಿಯಲ್ಲಿ ನಿಂತು ಒಮ್ಮೆ ಕತ್ತು ತಿರುಗಿಸಿದ ಹಾಗೆ. ನಾನು ಕೋಲು ಎತ್ತಿಬಿಟ್ಟೆ. ಒಂದು ಚಣ ಭಾರ ಹತ್ತಿತು. ನೀರಿನ ಮೇಲೆ ಬೆಳ್ಳಗೆ ಒಂದು ಪಕ್ಕೆ ಹೊರಳಿತು. ಆಮೇಲೆ ದಾರ ಸಡಿಲ. ಅಳಿಯ ಏನೂ ಅನ್ನಲಿಲ್ಲ, ಹತ್ತಿರ ಬಂದು ಭುಜದ ಮೇಲೆ ಕೈ ಇಟ್ಟರು. ಐದನೇ ದಿನ ಮತ್ತೆ ಏನೂ ಇಲ್ಲ.

ಬರುವ ಅಕ್ಟೋಬರ್‌ಗೆ ಮತ್ತೆ ಹೋಗುತ್ತಿದ್ದೇನೆ. ಅಳಿಯ ಅದೇ ಕೋಲನ್ನು ನನಗೆ ಕೊಟ್ಟು ಕಳಿಸಿದ್ದಾರೆ, ನಾಲ್ಕು ತುಂಡಾಗಿ ಬಿಚ್ಚುತ್ತದೆ, ದಾರದ ತೂಕದ ಲೆಕ್ಕದಲ್ಲಿ ಏಳನೇ ನಂಬರಿನದು. ಕೋಲು ಎತ್ತಬಾರದು ಅಂತ ಎಲ್ಲರೂ ಹೇಳುತ್ತಾರೆ. ತಲೆಗೆ ಗೊತ್ತು, ಕೈಗೆ ಗೊತ್ತಿಲ್ಲ. ಯಾಕೆ ಎತ್ತಬಾರದು, ಕೈಯನ್ನು ಹೇಗೆ ತಡೆಯೋದು, ಇಲ್ಲಿ ಭೀಮಾದಲ್ಲಿ ಅದನ್ನು ಕಲಿಯೋಕೆ ದಾರಿ ಇದೆಯಾ? ತಿಳಿದವರು ಹೇಳಿ.

ಮಾಂಜ್ರಾ ಹುಡುಗ

ಕಾಕಾ, ನಮಸ್ಕಾರ. ನಾನು ಭಾಲ್ಕಿ ಕಡೆಯವನು. ಹನ್ನೆರಡು ವರ್ಷದಿಂದ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿದ್ದೇನೆ. ಸ್ಕೀನಾ ನದಿಗೆ ಸೇರುವ ಬಲ್ಕ್ಲಿ ಹೊಳೆಗೆ ಪ್ರತಿ ವರ್ಷ ಹೋಗುತ್ತೇನೆ. ನಿಮ್ಮ ನಾಲ್ಕನೇ ದಿನದ ಸಂಜೆ ನನಗೂ ಆಗಿದೆ, ಒಂದಲ್ಲ ಆರು ಸಲ. ಹಾಗಾಗಿ ಬಿಡಿಸಿ ಹೇಳುತ್ತೇನೆ.

ಮೊದಲು ಯಾಕೆ ಎತ್ತಬಾರದು ಅನ್ನೋದು. ಮೀನು ಯಾವಾಗಲೂ ಹರಿವಿಗೆ ಮುಖ ಮಾಡಿ ನಿಂತಿರುತ್ತದೆ. ನೀವು ಹರಿವಿನಲ್ಲಿ ಅದಕ್ಕಿಂತ ಮೇಲ್ಗಡೆ ನಿಂತಿದ್ದೀರಿ. ದಾರ ತಿರುಗಿ ಮುಗಿಯುವ ಹೊತ್ತಿಗೆ ನಿಮ್ಮ ಕೈ, ದಾರ, ಫ್ಲೈ, ಮೀನಿನ ಬಾಯಿ ಎಲ್ಲಾ ಹೆಚ್ಚು ಕಡಿಮೆ ಒಂದೇ ಗೆರೆಯಲ್ಲಿ. ಆಗ ಜಗ್ಗಿದರೆ ಏನಾಗುತ್ತೆ? ತೆರೆದ ಬಾಯಿಯಿಂದ ಫ್ಲೈಯನ್ನು ನೇರ ಮುಂದಕ್ಕೆ ಎಳೆದಂಗೆ. ಗಾಳಕ್ಕೆ ಹಿಡಿಯೋಕೆ ಏನೂ ಸಿಗೋದಿಲ್ಲ. ನೀವು ಗಣಿತದವರು, ಕಾಗದದ ಮೇಲೆ ಗೆರೆ ಹಾಕಿ ನೋಡಿ, ತಕ್ಷಣ ತಿಳಿಯುತ್ತದೆ. ಮೀನು ಫ್ಲೈ ಹಿಡಿದು ತನ್ನ ಜಾಗಕ್ಕೆ ವಾಪಸ್ ಹೋಗಲು ಹೊರಳುತ್ತದೆ. ಹೊರಳಿದಾಗ ದಾರ ಅದರ ಬಾಯಿಯ ಪಕ್ಕಕ್ಕೆ ಬರುತ್ತದೆ, ಹರಿವು ದಾರವನ್ನು ಬಿಗಿ ಮಾಡುತ್ತದೆ, ಗಾಳ ದವಡೆಯ ಮೂಲೆಗೆ ತಾನೇ ಹೋಗಿ ಕೂರುತ್ತದೆ. ಅಲ್ಲಿ ಕೂತ ಗಾಳ ಸುಲಭಕ್ಕೆ ಬಿಡೋದಿಲ್ಲ. ನಿಮ್ಮ ಕೆಲಸ ಅಂದರೆ ಅದು ಹೊರಳುವವರೆಗೆ ಅಡ್ಡ ಬರದೆ ಇರೋದು.

ಕೈ ತಡೆಯೋಕೆ ನಾನು ಮಾಡೋದು ಹೀಗೆ. ರೀಲ್ (ದಾರ ಸುತ್ತುವ ಚಕ್ರ) ಮತ್ತು ಬೆರಳಿನ ನಡುವೆ ಮೊಳದಷ್ಟು ದಾರ ಬಿಟ್ಟು ಕುಣಿಕೆ ಮಾಡಿ, ಕೋಲಿನ ಹಿಡಿಗೆ ಒಂದೇ ಬೆರಳಿನಿಂದ ಹಗುರವಾಗಿ ಒತ್ತಿ ಹಿಡಿಯುತ್ತೇನೆ. ಕೋಲಿನ ತುದಿ ನೀರಿನ ಹತ್ತಿರ, ಕೆಳಗೆ. ಮೀನು ಜಗ್ಗಿದರೆ ಆ ಕುಣಿಕೆ ಜಾರಿ ಹೋಗಲಿ. ಅದು ಮುಗಿದು ರೀಲ್ ಕಿರ್ ಅಂತ ತಿರುಗುತ್ತಾ ಓಡುವವರೆಗೆ ಏನೂ ಮಾಡಬೇಡಿ. ಆಮೇಲೆ ಕೋಲನ್ನು ಮೇಲಕ್ಕೆ ಅಲ್ಲ, ದಂಡೆ ಕಡೆಗೆ ಪಕ್ಕಕ್ಕೆ ವಾಲಿಸಿ. ಅಷ್ಟೇ ಸಾಕು.

ಇನ್ನು ಭೀಮಾದಲ್ಲಿ ಕಲಿಯೋದು. ಎಸೆತ ಖಂಡಿತ ಕಲಿಯಬಹುದು, ಅದಕ್ಕೆ ನೀರು ಬೇಕೇ ಬೇಕು. ಎರಡು ಕೈ ಕೋಲಿನ ಈ ಎಸೆತಕ್ಕೆ ಸ್ಪೇ ಅಂತಾರೆ, ಅದರಲ್ಲಿ ದಾರದ ತುದಿ ನೀರಿಗೆ ಅಂಟಿಕೊಂಡರೆ ಮಾತ್ರ ಕೋಲು ಬಗ್ಗೋದು, ಹುಲ್ಲಿನ ಮೇಲೆ ಆಗೋದಿಲ್ಲ. ಹಿಂದಕ್ಕೆ ದಾರ ಬೀಸುವ ಜಾಗ ಇದಕ್ಕೆ ಬೇಡ. ದಂಡೆಯಲ್ಲಿ ಜಾಲಿ ಕಂಟಿ ಬೆಳೆದಿರುವ ನಮ್ಮ ಹೊಳೆಗಳಿಗೆ ಇದು ಹೇಳಿ ಮಾಡಿಸಿದ ಎಸೆತ. ಇದರಲ್ಲಿ ಎರಡು ಬಗೆ: ಗಾಳಿ ಹೊಳೆ ಹರಿಯುವ ಕಡೆಗೆ ಬೀಸುತ್ತಿದ್ದರೆ ಡಬಲ್ ಸ್ಪೇ, ಹರಿವಿಗೆ ಎದುರು ಬೀಸುತ್ತಿದ್ದರೆ ಸಿಂಗಲ್ ಸ್ಪೇ. ಇದನ್ನು ಉಲ್ಟಾ ಮಾಡಿದರೆ ಫ್ಲೈ ಬಂದು ಮುಖಕ್ಕೆ ಹೊಡೆಯುತ್ತದೆ, ಅದಕ್ಕೆ ಟೋಪಿ ಕನ್ನಡಕ ಇಲ್ಲದೆ ನಿಲ್ಲಬೇಡಿ. ಕಲಿಯುವಾಗ ಗಾಳ ಬೇಡ, ಕೆಂಪು ಉಲನ್ ತುಂಡು ಕಟ್ಟಿ.

ಒಂದು ಎಚ್ಚರಿಕೆ. ಬ್ಯಾರೇಜಿನ ಕೆಳಗೆ ನೀರಿಗೆ ಇಳಿಯಬೇಡಿ. ಗೇಟು ತೆಗೆದರೆ ನೀರು ಏರೋದು ನೋಡ ನೋಡುತ್ತಲೇ. 2020ರ ಅಕ್ಟೋಬರ್‌ನಲ್ಲಿ ಭೀಮಾ ಹೇಗೆ ಬಂತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಯಾದಗಿರಿ ಅಂಬಿಗ

ಮಾಸ್ತರ್ರೇ, ಶರಣು. ನಾನು ಫ್ಲೈ ಪ್ಲೈ ಏನೂ ಹಿಡಿದವನಲ್ಲ. ನಮ್ಮ ಮನೆತನದ ಕಸುಬೇ ಮೀನು. ಯಾದಗಿರಿ ಹತ್ತಿರ ಭೀಮಾದಲ್ಲಿ ನಮ್ಮಪ್ಪ ಬಲೆ ಹಾಕುತ್ತಿದ್ದರು, ಈಗ ನಾನು ಮತ್ತು ತಮ್ಮ ಹಾಕುತ್ತೇವೆ. ನಿಮ್ಮ ಮಾತು ಓದಿ ಒಂದು ಹೇಳಬೇಕು ಅನ್ನಿಸಿತು.

ನೀವು ಹೇಳಿದ್ದು ಬೆಂಡಿನ ಗಾಳ. ಅದು ಗೆಂಡೆ, ರೋಹು ಇಂಥವಕ್ಕೆ. ಅಲ್ಲಿ ಅವಸರ ಬೇಕು, ಖರೆ. ಆದರೆ ನೀವು ಮರಲ್ ಮೀನಿಗೆ ಗಾಳ ಹಾಕಿಲ್ವಾ? ನಮ್ಮ ಕಡೆ ಕೆಲವರು ಕೊರಮೀನು ಅಂತಾರೆ. ಅದಕ್ಕೆ ಬೆಂಡು ಕಟ್ಟೋದಿಲ್ಲ. ಗಾಳಕ್ಕೆ ಸಣ್ಣ ಮೀನು ಚುಚ್ಚಿ, ನೀರಿನಲ್ಲಿ ಬೆಳೆಯುವ ಆಪು ಹುಲ್ಲಿನ ಅಂಚಿಗೆ ಇಳಿ ಬಿಟ್ಟು, ದಾರ ಬೆರಳಿಗೆ ಸುತ್ತದೆ ಸುಮ್ನೆ ಮೇಲೆ ಇಟ್ಟುಕೊಂಡು ಕೂರೋದು. ಮರಲ್ ಬಂದು ಹಿಡಿಯುತ್ತದೆ. ಹಿಡಿದ ತಕ್ಷಣ ನುಂಗೋದಿಲ್ಲ, ಬಾಯಲ್ಲಿ ಕಚ್ಚಿಕೊಂಡು ತನ್ನ ಗೂಡಿನ ಕಡೆ ತಿರುಗುತ್ತದೆ. ಆಗ ಜಗ್ಗಿದರೆ ಮೀನಿನ ಮರಿ ಮಾತ್ರ ವಾಪಸ್ ಬರುತ್ತದೆ, ಅದರ ಮೈ ಮೇಲೆ ಹಲ್ಲಿನ ಗುರುತು. ಸಣ್ಣವನಿದ್ದಾಗ ನಾನು ಜಗ್ಗೋಕೆ ಹೋದರೆ ನಮ್ಮಪ್ಪ ಮುಂಗೈ ಹಿಡಿದುಬಿಡುತ್ತಿದ್ದರು. "ತಡಿಯೋ ಮಗಾ, ಅದು ಬೆನ್ನು ತಿರುವಲಿ" ಅನ್ನುತ್ತಿದ್ದರು. ಮಾಂಜ್ರಾ ತಮ್ಮ ಹೇಳಿದ್ದೂ ಅದನ್ನೇ ಅಲ್ವಾ?

ಅದಕ್ಕೆ ಹೇಳಿದೆ, ಈ ಕಲಿಕೆ ನಮ್ಮ ಹೊಳೆಯಲ್ಲೂ ಇದೆ. ಬೆಂಡಿನ ಗಾಳ ಆರು ತಿಂಗಳು ಮುಟ್ಟಬೇಡಿ. ಮರಲ್ ಗಾಳ ಹಾಕಿ. ಜಲಾಶಯದಲ್ಲಿ ಆದರೆ ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಬೇಕು, ಕೆರೆ ಆದರೆ ಗುತ್ತಿಗೆ ಹಿಡಿದವರನ್ನು ಕೇಳಬೇಕು. ಮಳೆಗಾಲ ಶುರುವಾದಾಗ ಬೇಡ, ಆಗ ಮೊಟ್ಟೆ ಮರಿ ಕಾಲ. ಮರಿ ಹಿಂಡು ಕೆಂಪಗೆ ನೀರಿನ ಮೇಲೆ ಆಡುತ್ತಿರುತ್ತದೆ, ಕೆಳಗೆ ತಾಯಿ ತಂದೆ ಕಾಯುತ್ತಿರುತ್ತವೆ. ಆಗ ಅವನ್ನು ಹಿಡಿದರೆ ಹಿಂಡಿಗೆ ಹಿಂಡೇ ಹೋಯ್ತು.

ಪೋರ್ಟ್‌ಲ್ಯಾಂಡ್ ಅಕ್ಕ

ಸರ್, ನಾನು ಕಲಬುರಗಿಯವಳು. ಮದುವೆಯಾಗಿ ಇಲ್ಲಿಗೆ ಬಂದು ಹದಿನಾರು ವರ್ಷ. ಇಲ್ಲಿಯ ಹೆಣ್ಣುಮಕ್ಕಳ ಗುಂಪಿನ ಜೊತೆ ಡೆಶೂಟ್ಸ್‌ಗೆ ಹೋಗುತ್ತೇನೆ.

ಕುಣಿಕೆ ವಿಷಯದಲ್ಲಿ ನನ್ನದು ಬೇರೆ ಅನುಭವ. ಅವಸರದ ಕೈ ಇರುವವರಿಗೆ ಕುಣಿಕೆ ಉಪಯೋಗಕ್ಕೆ ಬರೋದಿಲ್ಲ. ಮೀನು ಜಗ್ಗಿದ ಕೂಡಲೇ ಬೆರಳು ಇನ್ನೂ ಗಟ್ಟಿಯಾಗಿ ಒತ್ತುತ್ತದೆ, ಕೈ ಎತ್ತುತ್ತದೆ. ನನಗೂ ಹಾಗೇ ಆಗುತ್ತಿತ್ತು. ನಾನು ದಾರವನ್ನು ಬೆರಳಿಗೆ ತಾಗಿಸೋದೇ ಇಲ್ಲ. ನೇರ ರೀಲ್‌ನಿಂದ ಹೋಗಲಿ, ರೀಲಿನ ಬಿಗಿ ಹಗುರವಾಗಿರಲಿ. ಹಿಡಿಯೋಕೆ ದಾರವೇ ಇಲ್ಲದಿದ್ದರೆ ಕೈ ಏನು ಮಾಡೀತು? ಎರಡೂ ಮಾಡಿ ನೋಡಿ, ಯಾವುದು ಕೂರುತ್ತೋ ಅದನ್ನು ಇಟ್ಟುಕೊಳ್ಳಿ.

ಲೈಸೆನ್ಸ್ ಜೊತೆಗೆ ಸ್ಟೀಲ್‌ಹೆಡ್‌ಗೆ ಟ್ಯಾಗ್ ಅನ್ನುವ ಬೇರೆ ಪರವಾನಗಿ ಬೇಕು, ಅಳಿಯನಿಗೆ ಗೊತ್ತಿರುತ್ತದೆ. ಹೊರಡುವ ಮುಂಚೆ ಆ ವರ್ಷದ ನಿಯಮ ಮತ್ತೆ ನೋಡಲು ಹೇಳಿ. 2021ರಲ್ಲಿ ಮೀನು ತುಂಬಾ ಕಡಿಮೆ ಬಂದವು ಅಂತ ಡೆಶೂಟ್ಸ್‌ನಲ್ಲಿ ಸ್ಟೀಲ್‌ಹೆಡ್ ಹಿಡಿಯೋದನ್ನೇ ನಿಲ್ಲಿಸಿದ್ದರು. ಬಾನ್‌ವಿಲ್ ಅಣೆಕಟ್ಟಿನ ಮೆಟ್ಟಿಲು ಹತ್ತುವ ಮೀನುಗಳನ್ನು ಎಣಿಸಿ ದಿನದ ಲೆಕ್ಕ ಹಾಕುತ್ತಾರೆ. ನೀವು ಕಲಬುರಗಿಯಲ್ಲಿ ಕೂತೇ ನೋಡಬಹುದು. ಆಗಸ್ಟ್‌ನಿಂದ ನಾನು ಬೆಳಗಿನ ಚಹಾ ಜೊತೆ ನೋಡೋದು ಅದನ್ನೇ.

ಮೀನು ಸಿಕ್ಕರೆ ಮೊದಲು ಬೆನ್ನಿನ ಮೇಲೆ, ಬಾಲದ ಹತ್ತಿರ ಇರುವ ಸಣ್ಣ ರೆಕ್ಕೆ ನೋಡಿ, ಕಿರುಬೆರಳಿನ ತುದಿಯಷ್ಟಿರುತ್ತದೆ. ಅದು ಇದ್ದರೆ ಹೊಳೆಯಲ್ಲೇ ಹುಟ್ಟಿದ ಮೀನು, ಬಿಡಲೇಬೇಕು. ಮರಿಕೇಂದ್ರದಲ್ಲಿ ಬೆಳೆಸಿದ ಮೀನಿಗೆ ಆ ರೆಕ್ಕೆ ಕತ್ತರಿಸಿ ಬಿಟ್ಟಿರುತ್ತಾರೆ. ಬಿಡುವ ಮೀನನ್ನು ಫೋಟೋ ಅಂತ ನೀರಿನಿಂದ ಎತ್ತಬೇಡಿ ಸರ್. ಕೈ ಒದ್ದೆ ಮಾಡಿಕೊಂಡು ಬಾಲದ ಬುಡ ಹಿಡಿದು, ಮುಖ ಹರಿವಿಗೆ ಮಾಡಿ, ಅದು ತಾನಾಗಿಯೇ ನಿಮ್ಮ ಕೈ ಕೊಡವಿಕೊಂಡು ಹೋಗುವವರೆಗೆ ಕಾಯಿರಿ. ಅಷ್ಟು ದೂರದಿಂದ ಬಂದಿರುತ್ತದೆ.

ಮಾಂಜ್ರಾ ಹುಡುಗ

ಅಕ್ಕ ಹೇಳಿದ್ದು ಸರಿ, ಬೆರಳು ಗಟ್ಟಿ ಹಿಡಿಯುವವರಿಗೆ ಕುಣಿಕೆ ಬೇಡ.

ಅಂಬಿಗಣ್ಣ, ನಿಮ್ಮ ಮಾತಿಗೆ ಒಂದೇ ತಿದ್ದುಪಡಿ. ಮರಲ್‌ಗೆ ಸಿಕ್ಕಿದ್ದು ನಿಜವಾದ ಊಟ, ನುಂಗುವವರೆಗೆ ಕಾಯಬಹುದು. ಸ್ಟೀಲ್‌ಹೆಡ್‌ಗೆ ಸಿಕ್ಕಿದ್ದು ಗರಿ. ಹೊಳೆಗೆ ವಾಪಸ್ ಬಂದ ಮೇಲೆ ಅದು ತಿನ್ನೋದೇ ಬಹಳ ಕಡಿಮೆ. ಯಾಕೆ ಕಚ್ಚುತ್ತದೆ ಅನ್ನೋದಕ್ಕೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಸಿಟ್ಟು ಅಂತ ಕೆಲವರು, ಮರಿ ಇದ್ದಾಗಿನ ನೆನಪು ಅಂತ ಕೆಲವರು. ದಾರ ಪೂರಾ ಸಡಿಲ ಬಿಟ್ಟರೆ ಗರಿ ಉಗಿದುಬಿಡುತ್ತದೆ. ಹಾಗಾಗಿ ಕಾಯೋದು ಬೆನ್ನು ತಿರುಗುವವರೆಗೆ, ನುಂಗುವವರೆಗೆ ಅಲ್ಲ. ನಿಮ್ಮ ಅಪ್ಪ ಹೇಳಿದ ಮಾತು ಮಾತ್ರ ಅಕ್ಷರಕ್ಕೆ ಅಕ್ಷರ ಸರಿ. ನಾನು ಅದನ್ನು ಬರೆದು ನನ್ನ ರೀಲ್ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿದ್ದೇನೆ.

ಶಹಾಬಾದ್ ಮಾಸ್ತರ

ಎಲ್ಲರಿಗೂ ಮನಸಾರೆ ಧನ್ಯವಾದ. ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ, ಏನಾಯ್ತು ಅಂತ ಹೇಳಬೇಕಲ್ಲ.

ಮೊದಲು ಅಂಬಿಗಣ್ಣನಿಗೆ ಒಂದು ಮಾತು. ಡೆಶೂಟ್ಸ್‌ನಲ್ಲಿ ಶೆರಾರ್ಸ್ ಫಾಲ್ಸ್ ಅಂತ ಒಂದು ಜಾಗ ಇದೆ. ಅಲ್ಲಿ ವಾರ್ಮ್ ಸ್ಪ್ರಿಂಗ್ಸ್‌ನ ಮೂಲ ಜನ ಬಂಡೆಯ ಅಂಚಿಗೆ ಮರದ ಅಟ್ಟ ಕಟ್ಟಿ, ಉದ್ದ ಕೋಲಿನ ಕೈಬಲೆಯಿಂದ ಈಗಲೂ ಮೀನು ಹಿಡಿಯುತ್ತಾರೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನಿಂತ ಒಬ್ಬ ಹಿರಿಯರನ್ನು ನೋಡಿದೆ. ಕೊಲಂಬಿಯಾದಲ್ಲಿ ಇಂಥದ್ದೇ ದೊಡ್ಡ ಜಾಗ ಸೆಲಿಲೊ ಫಾಲ್ಸ್ ಇತ್ತಂತೆ, ಸಾವಿರಾರು ವರ್ಷದ ಮೀನಿನ ಸಂತೆ ಅಲ್ಲಿ. 1957ರಲ್ಲಿ ದ ಡ್ಯಾಲ್ಸ್ ಅಣೆಕಟ್ಟಿನ ನೀರಿನಲ್ಲಿ ಮುಳುಗಿಹೋಯ್ತು. ಆ ಹಿರಿಯರನ್ನು ನೋಡುವಾಗ ನಮ್ಮ ಹೊಳೆಯ ಅಂಬಿಗರೇ ನೆನಪಾದರು.

ಈಗ ಕಲಿಕೆ. ಗಾಣಗಾಪುರದ ಸಂಗಮದಲ್ಲಿ ಸ್ನಾನಕ್ಕೆ ಬರುವವರು ಜಾಸ್ತಿ, ಅಲ್ಲಿ ಬೇಡ ಅಂತ ನಮ್ಮ ಕಾಕಾನ ಹೊಲದ ಕೆಳಗೆ ಹೋದೆ. ಅಲ್ಲಿ ಹೊಳೆಯ ತಳ ನಮ್ಮ ಶಹಾಬಾದ್ ಫರಶಿ ಕಲ್ಲು, ಹಾಸಿದ ಹಾಗೆ ಇದೆ. ಅಣ್ಣನ ಮಗನನ್ನು ಕರೆದುಕೊಂಡು ಹೋಗಿದ್ದೆ, ಕಾಲೇಜು ಹುಡುಗ. ದಾರದ ತುದಿಗೆ ಕೆಂಪು ಉಲನ್ ಕಟ್ಟಿ ಎಸೆಯೋದು, ಅದು ಅವನ ಹತ್ತಿರ ಬಂದಾಗ ಅವನು ಎರಡು ಬೆರಳಲ್ಲಿ ಹಿಡಿದು, ಬೇಕಾದಾಗ ಜಗ್ಗೋದು. ಯಾವಾಗ ಅಂತ ನನಗೆ ಹೇಳಬಾರದು. ಪ್ರತಿ ಸಂಜೆ ಇಪ್ಪತ್ತು ಜಗ್ಗು. ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಮೊದಲ ಸಂಜೆ ಇಪ್ಪತ್ತಕ್ಕೆ ಹತ್ತೊಂಬತ್ತು ಸಲ ಕೋಲು ಎತ್ತಿದೆ. ಕುಣಿಕೆ ಇಟ್ಟುಕೊಂಡ ಐದು ಸಂಜೆ ಅದು ಹದಿನಾಲ್ಕಕ್ಕಿಂತ ಕೆಳಗೆ ಇಳಿಯಲಿಲ್ಲ. ಪೋರ್ಟ್‌ಲ್ಯಾಂಡ್ ತಂಗಿ ಹೇಳಿದ ಹಾಗೆ ದಾರ ಬಿಟ್ಟು ರೀಲ್‌ನಿಂದಲೇ ಮಾಡಿದ ಮೇಲೆ ಒಂಬತ್ತು, ಎಂಟು, ಆರು.

ಆರರಲ್ಲಿ ಬಂದು ನಿಂತುಬಿಟ್ಟಿತು. ನಿನ್ನೆ ಹುಡುಗ ಒಂದು ಹೇಳಿದ. "ದೊಡ್ಡಪ್ಪಾ, ನೀವು ದಾರ ಬಿದ್ದ ಜಾಗ ದಿಟ್ಟಿಸಿ ನೋಡ್ತಿರಿ. ಹಂಗ ನೋಡಿದಾಗಷ್ಟೇ ಎತ್ತತೀರಿ." ಬೆಂಡು ನೋಡುವ ಕಣ್ಣು! ಬೆಂಡು ಇಲ್ಲದಿದ್ದರೂ ಕಣ್ಣು ಅದನ್ನೇ ಹುಡುಕುತ್ತಿದೆ. ಆಮೇಲೆ ಎದುರು ದಂಡೆಯ ಹುಣಸೆ ಮರ ನೋಡುತ್ತಾ ನಿಂತೆ. ಅಲ್ಲಿ ಯಾರದ್ದೋ ಎಮ್ಮೆ ನೀರಿಗೆ ಇಳಿಯುತ್ತಿದ್ದವು. ಇಪ್ಪತ್ತಕ್ಕೆ ಒಂದೇ ಸಲ ಎತ್ತಿದೆ.

ಕೊನೆಯ ಪ್ರಶ್ನೆ ಇದೇ. ನಿಜವಾದ ಹೊಳೆಯಲ್ಲಿ ದಾರ ನೋಡದೆ ನಿಲ್ಲಬಹುದಾ? ಅದರಿಂದ ಬೇರೆ ಏನಾದರೂ ಕೆಡುತ್ತದಾ?

ಮಾಂಜ್ರಾ ಹುಡುಗ

ಏನೂ ಕೆಡೋದಿಲ್ಲ ಕಾಕಾ. ದಾರ ಬಿದ್ದ ಮೇಲೆ ಮೊದಲು ಒಂದು ಸಲ ನೋಡಿ. ಹರಿವು ಅದನ್ನು ಬಿಲ್ಲಿನ ಹಾಗೆ ಬಗ್ಗಿಸುತ್ತಿದ್ದರೆ ಕೋಲಿನ ತುದಿಯಿಂದ ಎತ್ತಿ ಹರಿವಿನ ಮೇಲ್ಗಡೆಗೆ ಹಾಕಿ, ಇಲ್ಲದಿದ್ದರೆ ಫ್ಲೈ ಜೋರಾಗಿ ಓಡುತ್ತದೆ. ಅಷ್ಟಾದ ಮೇಲೆ ಎದುರು ದಂಡೆ ನೋಡಿ. ಡೆಶೂಟ್ಸ್‌ನಲ್ಲಿ ಹುಣಸೆ ಮರ ಇಲ್ಲ, ಆ ಕರಿ ಕಲ್ಲಿನ ಗುಡ್ಡ ಇದೆಯಲ್ಲ.

ಎರಡು ಹೆಜ್ಜೆ ಇಡುವಾಗ ಮಾತ್ರ ಕಾಲ ಕೆಳಗೆ ನೋಡಿ. ಅಲ್ಲಿನ ಕಲ್ಲು ನಮ್ಮ ಫರಶಿಯ ಹಾಗಲ್ಲ, ದುಂಡಗೆ, ಪಾಚಿ ಹತ್ತಿರುತ್ತದೆ. ಬೂಟಿನ ತಳಕ್ಕೆ ಮೊಳೆ ಇರಲಿ, ಕೈಯಲ್ಲಿ ಊರುಗೋಲು ಇರಲಿ. ಅಕ್ಟೋಬರ್‌ನಲ್ಲಿ ಹೋಗಿ ಬಂದ ಮೇಲೆ ನೋಟ್‌ಬುಕ್ಕಿನ ಲೆಕ್ಕ ಇಲ್ಲಿ ಬರೆಯಿರಿ.